ಗೋಬರ್ ಗ್ಯಾಸ್: ಸಗಣಿ ಹಾಕಿದರೂ ಒಲೆ ಹತ್ತದವರಿಗೆ, ಮೊದಲ ಬುಟ್ಟಿಯಿಂದ ನೀಲಿ ಉರಿಯವರೆಗೆ

ಗುಂಡಿ ಕಟ್ಟಿಯಾಗಿದೆ. ಟ್ರ್ಯಾಕ್ಟರಿನಲ್ಲಿ ತಂದು ಸಗಣಿ ಸುರಿದಾಗಿದೆ. ತಿಂಗಳು ಕಳೆದರೂ ಒಲೆಯ ನಾಬ್ ತಿರುಗಿಸಿದರೆ ಬುಸ್ಸೆಂಬ ಸದ್ದು ಬಿಟ್ಟರೆ ಉರಿ ಇಲ್ಲ. ಇನ್ನು ಕೆಲವರ ಮನೆಯಲ್ಲಿ ಆರು ತಿಂಗಳು ಚೆನ್ನಾಗಿ ಉರಿದದ್ದು ಆಷಾಢದ ಮಳೆಗೆ ನಿಂತುಹೋಗಿದೆ. ಆಮೇಲೆ ಎಲ್ಲ ಕಡೆಯೂ ಒಂದೇ ಕಥೆ: ಮೇಸ್ತ್ರಿಗೆ ನಾಲ್ಕು ಬೈಗುಳ, ಗುಂಡಿಯ ಮೇಲೆ ಸೌದೆಯ ರಾಶಿ, ಅಡುಗೆಮನೆಯಲ್ಲಿ ಮತ್ತೆ ಹೊಗೆ.

ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಗುಂಡಿ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಕೆಲಸದ ಕ್ರಮ. ಆದ್ದರಿಂದ ಇಲ್ಲಿ ಕ್ರಮವನ್ನೇ ಹಿಡಿದು ಬರೆದಿದ್ದೇನೆ. ಲೆಕ್ಕವೆಲ್ಲ 2 ಘನ ಮೀಟರಿನ (ದಿನಕ್ಕೆ ಅಷ್ಟು ಗ್ಯಾಸ್ ಕೊಡುವ) ದೀನಬಂಧು ಮಾದರಿಗೆ, ಅಂದರೆ ನೆಲದೊಳಗೆ ಕೂತಿರುವ ಇಟ್ಟಿಗೆ-ಸಿಮೆಂಟಿನ ಗುಮ್ಮಟಕ್ಕೆ ಅನ್ವಯಿಸುತ್ತದೆ. ತೇಲುವ ಡ್ರಮ್ಮಿನ ಹಳೆಯ ಗುಂಡಿ, ಈಚಿನ ಪ್ಲಾಸ್ಟಿಕ್ ಗುಂಡಿ ಇದ್ದವರಿಗೂ ಸಗಣಿ, ನೀರು, ಪೈಪ್, ಒಲೆಯ ಮಾತು ಒಂದೇ.

ಒಂದು ಸಂಗತಿ ಮನಸ್ಸಿನಲ್ಲಿ ಕೂತರೆ ಮುಂದಿನದೆಲ್ಲ ಸಲೀಸು. ಗುಂಡಿ ಯಂತ್ರವಲ್ಲ, ಹೊಟ್ಟೆ. ಅದರೊಳಗೆ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಹಸುವಿನ ಹೊಟ್ಟೆಯಿಂದಲೇ ಸಗಣಿಯ ಜೊತೆ ಬಂದವು. ಅದನ್ನು ಕೊಟ್ಟಿಗೆಯ ಇನ್ನೊಂದು ಹಸುವೆಂದುಕೊಳ್ಳಿ. ಹೊತ್ತಿಗೆ ಸರಿಯಾಗಿ, ಅಳತೆಯಲ್ಲಿ, ಹದವಾಗಿ ಹಾಕಿದರೆ ಕೊಡುತ್ತದೆ. ಒಂದು ವಾರ ಉಪವಾಸ ಕೆಡವಿ ಎಂಟನೆಯ ದಿನ ಎಲ್ಲವನ್ನೂ ಒಟ್ಟಿಗೆ ತುರುಕಿದರೆ ಅಜೀರ್ಣ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಒಂದೇ ಅಳತೆಯ ಎರಡು ಬಕೆಟ್, ಕೊಕ್ಕೆಯ ತಕ್ಕಡಿ, ಹುಲ್ಲುಕಡ್ಡಿ ಸೋಸಲು ದಪ್ಪ ಕಣ್ಣಿನ ಜಾಲರಿ, ಗುಂಡಿಯ ತಳ ಮುಟ್ಟುವಷ್ಟು ಉದ್ದದ ಬಿದಿರಿನ ಗಳ, ಸೋಪಿನ ನೀರು ಮತ್ತು ಹಳೆಯ ಬ್ರಷ್, ಪೈಪಿನ ಜೋಡಣೆಗೆ ಸುತ್ತುವ ಟೆಫ್ಲಾನ್ ಟೇಪ್, ಬರ್ನರಿನ ತೂತು ಬಿಡಿಸಲು ಸೂಜಿ, ಹುಳಿ ಎಷ್ಟಿದೆ ಎಂದು ಬಣ್ಣದಲ್ಲಿ ತೋರಿಸುವ ಪಿಎಚ್ ಕಾಗದದ ಒಂದು ಪುಸ್ತಕ. ಇವುಗಳ ಜೊತೆಗೆ ಅಂಗುಲ ಅಂಗುಲಕ್ಕೂ ಬಣ್ಣದ ಗೆರೆ ಎಳೆದ ಒಂದು ಕೋಲು ಬೇಕು. ಎಲ್ಲಕ್ಕಿಂತ ಅಗ್ಗವಾದ ಈ ಕೋಲೇ ಮುಂದೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹಂತ 1: ದನ ಎಣಿಸಬೇಡಿ, ಸಗಣಿ ತೂಗಿ

2 ಘನ ಮೀಟರಿನ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಹಸಿ ಸಗಣಿ ಬೇಕು. ಒಂದು ಕಿಲೋ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಹುಟ್ಟುತ್ತದೆ ಎಂಬುದು ಲೆಕ್ಕ. ಕಟ್ಟಿ ಸಾಕಿದ ಸಾಧಾರಣ ಗಾತ್ರದ ಹಸು ದಿನಕ್ಕೆ 10 ಕಿಲೋ ಆಸುಪಾಸು ಸಗಣಿ ಹಾಕುತ್ತದೆ, ಎಮ್ಮೆ ಇನ್ನೂ ಸ್ವಲ್ಪ ಹೆಚ್ಚು. ಹಾಗಾಗಿ ‘ನಾಲ್ಕೈದು ದನ ಇದ್ದರೆ ಸಾಕು’ ಎನ್ನುತ್ತಾರೆ.

ಮೊದಲ ತಪ್ಪು ಹುಟ್ಟುವುದು ಈ ಮಾತಿನಲ್ಲಿಯೇ. ಮೇಯಲು ಬಿಡುವ ದನದ ಸಗಣಿ ಅರ್ಧಕ್ಕರ್ಧ ಬೆಟ್ಟದಲ್ಲಿ, ರಸ್ತೆಯಲ್ಲಿ ಉಳಿಯುತ್ತದೆ. ಮಲೆನಾಡು ಗಿಡ್ಡದ ಸಗಣಿ ಜೆರ್ಸಿ ಮಿಶ್ರತಳಿಯ ಸಗಣಿಗೆ ತೂಕದಲ್ಲಿ ಸಾಟಿಯಲ್ಲ. ತಿಪ್ಪೆಗೆ, ಅಂಗಳ ಸಾರಿಸಲಿಕ್ಕೆ, ತೋಟಕ್ಕೆ ಎಂದು ಒಂದಿಷ್ಟು ಹೋಗುತ್ತದೆ. ಆದ್ದರಿಂದ ಒಂದು ವಾರ ಪ್ರತಿ ಬೆಳಿಗ್ಗೆ ನಿಜಕ್ಕೂ ಕೈಗೆ ಸಿಕ್ಕ ಸಗಣಿಯನ್ನು ತೂಗಿ ಬರೆದಿಡಿ. ಸರಾಸರಿ 25 ಕಿಲೋ ಬಂದರೆ ನಿಮಗೆ ಬೇಕಾದದ್ದು 1 ಘನ ಮೀಟರಿನ ಗುಂಡಿ. ದೊಡ್ಡ ಗುಂಡಿ ಕಟ್ಟಿಸಿ ಅರೆಹೊಟ್ಟೆ ಹಾಕುವುದಕ್ಕಿಂತ ಸಣ್ಣದನ್ನು ತುಂಬ ಉಣಿಸುವುದು ಮೇಲು.

ಏನು ಸಿಗುತ್ತದೆ ಎಂಬುದನ್ನೂ ಈಗಲೇ ತಿಳಿದಿರಿ. ಪೂರ್ತಿ ಉಂಡ 2 ಘನ ಮೀಟರಿನ ಗುಂಡಿ, ಗಂಟೆಗೆ 450 ಲೀಟರ್ ಉರಿಸುವ ಒಂದು ಬರ್ನರನ್ನು ದಿನಕ್ಕೆ ಸುಮಾರು ನಾಲ್ಕೂವರೆ ಗಂಟೆ ಉರಿಸುತ್ತದೆ. 14.2 ಕಿಲೋ ಸಿಲಿಂಡರ್ ಕೊಡುವ ಶಾಖ ಇದರಿಂದ ಹದಿನೈದು-ಹದಿನಾರು ದಿನಕ್ಕೆ ಸಿಗುತ್ತದೆ. ಐದಾರು ಜನರ ಅಡುಗೆಗೆ ಧಾರಾಳ ಸಾಕು. ಸ್ನಾನದ ನೀರಿಗೆ ಸಾಲದು. ಬಚ್ಚಲ ಹಂಡೆಯನ್ನೂ ಇದರಲ್ಲೇ ಕಾಯಿಸುತ್ತೇನೆಂದು ಹೊರಟ ಮನೆಗಳಲ್ಲಿ ರಾತ್ರಿಯ ಅನ್ನಕ್ಕೆ ಗ್ಯಾಸ್ ಇರುವುದಿಲ್ಲ. ತಪ್ಪು ಮಾತ್ರ ಗುಂಡಿಯದು!

ಹಂತ 2: ಗುದ್ದಲಿ ಹಾಕುವ ಮೊದಲು

ಸಹಾಯಧನ ಬೇಕಿದ್ದರೆ ಮೊದಲು ಅರ್ಜಿ, ಆಮೇಲೆ ಗುದ್ದಲಿ. ಸಣ್ಣ ಸ್ಥಾವರಗಳಿಗೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಯೋಜನೆಯಲ್ಲಿ ಹಣ ಸಿಗುತ್ತಾ ಬಂದಿದೆ, ಆದರೆ ಮೊತ್ತ, ನಿಯಮ, ವರ್ಷದ ಗುರಿ ಬದಲಾಗುತ್ತಿರುತ್ತವೆ. ಕಟ್ಟಿ ಮುಗಿಸಿದ ಗುಂಡಿಯ ಫೋಟೊ ಹಿಡಿದು ಕಚೇರಿಗೆ ಹೋದವರು ಬರಿಗೈಯಲ್ಲಿ ಬಂದದ್ದುಂಟು. ತಾಲ್ಲೂಕು ಪಂಚಾಯಿತಿಯಲ್ಲಿ ವಿಚಾರಿಸಿ, ಈ ಕೆಲಸದಲ್ಲಿ ತರಬೇತಿ ಪಡೆದ ಮೇಸ್ತ್ರಿ ಯಾರೆಂದೂ ಅಲ್ಲಿಯೇ ಕೇಳಿ. ಮನೆ ಕಟ್ಟುವ ಒಳ್ಳೆಯ ಮೇಸ್ತ್ರಿಗೆಲ್ಲ ಗುಮ್ಮಟ ಒಲಿಯುವುದಿಲ್ಲ. ಗೋಡೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ಮನೆ ನಿಲ್ಲುತ್ತದೆ, ಗ್ಯಾಸ್ ನಿಲ್ಲುವುದಿಲ್ಲ.

ಜಾಗ ಹೇಗಿರಬೇಕು? ದಿನದ ಹೆಚ್ಚು ಹೊತ್ತು ಬಿಸಿಲು ಬೀಳಬೇಕು. ಕೊಟ್ಟಿಗೆಗೆ ಹತ್ತಿರವಿರಬೇಕು, ಏಕೆಂದರೆ ದಿನವೂ ಹೊರುವುದು ಸಗಣಿಯನ್ನೇ ಹೊರತು ಗ್ಯಾಸನ್ನಲ್ಲ. ಅಡುಗೆಮನೆಗೆ 20 ಮೀಟರಿನೊಳಗಿದ್ದರೆ ಒಳ್ಳೆಯದು. ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 15 ಮೀಟರ್ ದೂರ. ಹಲಸು, ಮಾವು, ತೆಂಗು ಇರುವಲ್ಲಿ ಬೇಡ, ಬೇರು ಗುಮ್ಮಟವನ್ನು ಸೀಳುತ್ತದೆ. ಮಲೆನಾಡು, ಕರಾವಳಿಯಲ್ಲಿ ಇನ್ನೊಂದು ಮಾತು: ಮಳೆನೀರು ಹರಿದುಬರುವ ತಗ್ಗು ಬೇಡವೇ ಬೇಡ.

ಕಟ್ಟಡ ಮುಗಿದ ಮೇಲೆ ನೀರುಣಿಸಿ ಹದಗೊಳಿಸುವ ದಿನಗಳನ್ನು ಕಡಿಮೆ ಮಾಡಬೇಡಿ. ಅನಂತರ ಸಗಣಿಗೆ ಮೊದಲು ನೀರಿನ ಪರೀಕ್ಷೆ. ಗ್ಯಾಸ್ ವಾಲ್ವ್ ತೆರೆದಿಟ್ಟು ಗುಂಡಿಗೆ ನೀರು ತುಂಬಿ. ಮೊದಲ ದಿನ ಗಾರೆ ಸ್ವಲ್ಪ ನೀರು ಕುಡಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮತ್ತೆ ತುಂಬಿ ಗುರುತು ಹಾಕಿ ಒಂದು ದಿನ ಬಿಡಿ. ಮಟ್ಟ ಇಳಿದರೆ ಗುಂಡಿಯಲ್ಲಿ ಸೋರಿಕೆ ಇದೆ. ಇಳಿಯದಿದ್ದರೆ ವಾಲ್ವ್ ಮುಚ್ಚಿ ಇನ್ನಷ್ಟು ನೀರು ಹಾಕಿ. ಈಗ ಒಳಗಿನ ಗಾಳಿ ಒತ್ತಡಕ್ಕೆ ಸಿಕ್ಕಿ, ಮುಂದೆ ಸಗಣಿನೀರು ಹೊರಬರುವ ಔಟ್‌ಲೆಟ್ ತೊಟ್ಟಿಯಲ್ಲಿ ನೀರು ಮೇಲೇರಿ ನಿಲ್ಲುತ್ತದೆ. ಇನ್ನೊಂದು ದಿನ ಬಿಟ್ಟು ನೋಡಿ. ಈ ಸಲ ಮಟ್ಟ ಇಳಿದರೆ ಗಾಳಿ ಗುಮ್ಮಟದಿಂದ ಹೋಗುತ್ತಿದೆ. ಪೈಪ್ ಗುಮ್ಮಟಕ್ಕೆ ಸೇರುವ ಕುತ್ತಿಗೆಯ ಸುತ್ತ ಮೊದಲು ಸೋಪಿನ ನೀರು ಬಳಿಯಿರಿ, ಗುಳ್ಳೆ ಏಳುವುದು ಸಾಮಾನ್ಯವಾಗಿ ಅಲ್ಲಿಯೇ. ಈ ಪರೀಕ್ಷೆ ಮುಗಿಯುವವರೆಗೆ ಮೇಸ್ತ್ರಿಗೆ ಕೊನೆಯ ಕಂತು ಕೊಡಬೇಡಿ. ಸಗಣಿ ತುಂಬಿದ ಮೇಲೆ ಒಳಗಿಳಿದು ಗಾರೆ ಮಾಡುವವರು ಯಾರೂ ಇಲ್ಲ.

ಹಂತ 3: ಪೈಪ್

ಗೋಬರ್ ಗ್ಯಾಸ್ ಒಣ ಗ್ಯಾಸಲ್ಲ, ಅದರಲ್ಲಿ ನೀರಾವಿ ತುಂಬಿರುತ್ತದೆ. ಪೈಪಿನಲ್ಲಿ ತಣ್ಣಗಾದೊಡನೆ ಅದು ನೀರಾಗುತ್ತದೆ. ಎಲ್ಲಿಯಾದರೂ ಪೈಪ್ ಜೋತುಬಿದ್ದಿದ್ದರೆ ಆ ನೀರು ಅಲ್ಲಿ ನಿಂತು ಗ್ಯಾಸಿಗೆ ಅಡ್ಡ ಕೂರುತ್ತದೆ. ‘ಉರಿ ಜಿಗಿಜಿಗಿದು ಆರಿಹೋಗುತ್ತದೆ’ ಎಂಬ ದೂರಿಗೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ.

ಹಾಗಾಗಿ ಪೈಪಿಗೆ ಮೀಟರಿಗೆ ಒಂದು ಸೆಂಟಿಮೀಟರಿನಷ್ಟಾದರೂ ಇಳಿಜಾರು ಇರಬೇಕು. ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ನೀರು ಬಿಡುವ ಟ್ಯಾಪ್ ಇರಬೇಕು. ಪೈಪನ್ನು ಬಟ್ಟೆ ಒಣಗಿಸುವ ಹಗ್ಗದಂತೆ ಗಾಳಿಯಲ್ಲಿ ತೂಗುಬಿಡದೆ ಕಂಬ, ಗೋಡೆಗೆ ಬಿಗಿಯಿರಿ. ಬಿಸಿಲಿಗೆ ತೆರೆದ ಪ್ಲಾಸ್ಟಿಕ್ ಪೈಪ್ ಕೆಲವು ವರ್ಷಗಳಲ್ಲಿ ಪೊರಪೊರ ಒಡೆಯುತ್ತದೆ. ಅಡುಗೆಮನೆಯ ಒಳಗಿನ ರಬ್ಬರ್ ಕೊಳವೆ ಇಲಿಯ ಹಲ್ಲಿಗೆ ಸಿಗುತ್ತದೆ, ಅದನ್ನು ಆದಷ್ಟು ಗಿಡ್ಡವಾಗಿಡಿ. ದೂರ ಹೆಚ್ಚಿದ್ದರೆ ಪೈಪಿನ ದಪ್ಪವೂ ಹೆಚ್ಚಬೇಕು.

ಎರಡು ವಾಲ್ವ್ ಬೇಕು: ಗುಮ್ಮಟದ ನೆತ್ತಿಯಲ್ಲಿ ಒಂದು, ಒಲೆಯ ಪಕ್ಕದಲ್ಲಿ ಒಂದು. ನೆತ್ತಿಯ ವಾಲ್ವ್ ಉಳಿಸಿ ಇನ್ನೂರು ರೂಪಾಯಿ ಮಿಗಿಸಿದವರಿಗೆ ಮುಂದೆ ಸೋರಿಕೆ ಎಲ್ಲಿದೆ ಎಂದು ಹುಡುಕುವ ದಾರಿಯೇ ಇರುವುದಿಲ್ಲ.

ಹಂತ 4: ಮೊದಲ ಬಾರಿ ತುಂಬುವುದು

ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಸೇರಿದರೆ ಸುಮಾರು 100 ಲೀಟರ್ ಬಗ್ಗಡ. ಅದು 40 ದಿನ ಒಳಗಿರಬೇಕೆಂದರೆ ಗುಂಡಿಯಲ್ಲಿ 4000 ಲೀಟರ್ ಇರಬೇಕು, ಅದರಲ್ಲಿ ಸಗಣಿಯ ಪಾಲು ಸುಮಾರು 2 ಟನ್. ನಿಮ್ಮ ಕೊಟ್ಟಿಗೆಯೊಂದರಿಂದಲೇ ಇದನ್ನು ಸೇರಿಸಲು ಒಂದೂವರೆ ತಿಂಗಳು ಬೇಕು, ಅಷ್ಟರಲ್ಲಿ ಮೊದಲ ದಿನದ್ದು ಒಣಗಿ ಬೆರಣಿಯಾಗಿರುತ್ತದೆ. ಅಕ್ಕಪಕ್ಕದ ನಾಲ್ಕು ಕೊಟ್ಟಿಗೆಯಿಂದ ಮೊದಲೇ ಮಾತಾಡಿಕೊಂಡು, ಐದಾರು ದಿನದೊಳಗೆ ಮುಗಿಯುವಂತೆ ಸೇರಿಸಿ. ಒದ್ದೆ ಗೋಣಿ ಮುಚ್ಚಿಡಿ. ತಿಪ್ಪೆಯ ಹಳೆಯ ಗೊಬ್ಬರವನ್ನು ಸಗಣಿಯ ಲೆಕ್ಕಕ್ಕೆ ಹಿಡಿಯಬೇಡಿ. ಅದರಲ್ಲಿ ಗ್ಯಾಸ್ ಆಗುವ ಸಾರ ಹೋಗಿರುತ್ತದೆ, ಮಣ್ಣು ಮಾತ್ರ ಬರುತ್ತದೆ.

1. ನೆತ್ತಿಯ ವಾಲ್ವ್ ಪೂರ್ತಿ ತೆರೆಯಿರಿ. ಇಲ್ಲದಿದ್ದರೆ ಒಳಗಿನ ಗಾಳಿ ಹೋಗಲು ದಾರಿಯಿಲ್ಲದೆ ಬಗ್ಗಡ ಔಟ್‌ಲೆಟಿನಲ್ಲಿ ಮೇಲೇರಿ, ಗುಂಡಿ ತುಂಬಿತೆಂದು ನಿಮ್ಮನ್ನು ಮೋಸಗೊಳಿಸುತ್ತದೆ.

2. ಕಲಸುವ ತೊಟ್ಟಿಯ ತೂತು ಮುಚ್ಚಿ. ಒಂದು ಬಕೆಟ್ ಸಗಣಿಗೆ ಒಂದು ಬಕೆಟ್ ನೀರು ಹಾಕಿ ಕೈಯಿಂದಲೋ ಕೋಲಿನಿಂದಲೋ ಗಂಟು ಒಡೆಯುವವರೆಗೆ ಕಲಸಿ. ಹುಲ್ಲುಕಡ್ಡಿ, ಕಲ್ಲು ತೆಗೆಯಿರಿ. ಮರಳು ತಳಕ್ಕೆ ಕೂರಲು ಎರಡು ನಿಮಿಷ ಬಿಟ್ಟು ಆಮೇಲೆ ತೂತು ತೆರೆಯಿರಿ, ತಳದ ಮರಳನ್ನು ಒಳಗೆ ಬಿಡದೆ ಬಾಚಿ ತೆಗೆಯಿರಿ.

3. ಚೆನ್ನಾಗಿ ಗ್ಯಾಸ್ ಕೊಡುತ್ತಿರುವ ಗುಂಡಿ ಹತ್ತಿರದಲ್ಲಿದ್ದರೆ ಅದರ ಔಟ್‌ಲೆಟಿನಿಂದ ಹತ್ತಿಪ್ಪತ್ತು ಬಕೆಟ್ ಬಗ್ಗಡ ತಂದು ಸೇರಿಸಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಹೆಪ್ಪು ಹಾಕಿದ ಗುಂಡಿ ಬೇಗ ಹಿಡಿಯುತ್ತದೆ.

4. ಮೇಸ್ತ್ರಿ ಗುರುತು ಮಾಡಿಕೊಟ್ಟ ಆರಂಭದ ಮಟ್ಟಕ್ಕೆ, ಸಾಮಾನ್ಯವಾಗಿ ಔಟ್‌ಲೆಟ್ ತೊಟ್ಟಿಯ ತಳಕ್ಕೆ, ಬಗ್ಗಡ ಬಂದಾಗ ನಿಲ್ಲಿಸಿ. ನೆತ್ತಿಯ ವಾಲ್ವ್ ಮುಚ್ಚಿ.

ಬಗ್ಗಡದ ಹದ ಎಷ್ಟಿರಬೇಕು? ಉದ್ದಿನ ದೋಸೆಯ ಹಿಟ್ಟಿನಷ್ಟು. ಇಡ್ಲಿ ಹಿಟ್ಟಿನಷ್ಟು ಗಟ್ಟಿಯಾದರೆ ಪೈಪಿನಲ್ಲಿ ಇಳಿಯುವುದಿಲ್ಲ. ನೀರುದೋಸೆಯ ಹಿಟ್ಟಾದರೆ ಇನ್ನೂ ಕೆಟ್ಟದು. ನೀರು ಹೆಚ್ಚಾದ ಗುಂಡಿಯಲ್ಲಿ ಗಟ್ಟಿ ಭಾಗ ತಳಕ್ಕಿಳಿದು, ನಾರು ಮೇಲೆ ತೇಲಿ, ನಡುವೆ ಬರೀ ಕಲಗಚ್ಚು ಉಳಿಯುತ್ತದೆ. ನಮ್ಮ ಮನೆಯ ಗುಂಡಿ ಮೊದಲ ವರ್ಷ ಹೀಗೆಯೇ ಸೋತಿತು. ಕೊಟ್ಟಿಗೆ ತೊಳೆದ ನೀರನ್ನೆಲ್ಲ ‘ಗಂಜಲ ಒಳ್ಳೆಯದಲ್ಲವೇ’ ಎಂದು ಪೈಪ್ ಹಿಡಿದು ಅದಕ್ಕೇ ಬಿಡುತ್ತಿದ್ದೆ. ಗಂಜಲ ಒಳ್ಳೆಯದು, ನಿಜ. ಆದರೆ ಅದನ್ನು ಬಕೆಟಿನಲ್ಲಿ ಹಿಡಿದು ನೀರಿನ ಅಳತೆಯಲ್ಲಿ ಕಳೆಯಬೇಕು, ತೊಳೆದ ನೀರನ್ನು ತೋಟಕ್ಕೆ ಬಿಡಬೇಕು.

ಹಂತ 5: ಕಾಯುವುದು, ಮತ್ತು ಮೊದಲ ಗ್ಯಾಸನ್ನು ಹೊರಗೆ ಬಿಡುವುದು

ತುಂಬಿದ ಮರುದಿನದಿಂದಲೇ ದಿನವೂ ಸಗಣಿ ಹಾಕಲು ಶುರು ಮಾಡುವುದು ದೊಡ್ಡ ತಪ್ಪು. ಸೂಕ್ಷ್ಮಜೀವಿಗಳಲ್ಲಿ ಎರಡು ಬಗೆ. ಮೊದಲನೆಯವು ಸಗಣಿಯನ್ನು ಕೊಳೆಸಿ ಹುಳಿ ಮಾಡುತ್ತವೆ. ಎರಡನೆಯವು ಆ ಹುಳಿಯನ್ನು ತಿಂದು ಉರಿಯುವ ಮೀಥೇನ್ ಮಾಡುತ್ತವೆ. ಮೊದಲನೆಯವು ಚುರುಕು, ಎರಡನೆಯವು ನಿಧಾನ. ಆರಂಭದಲ್ಲಿಯೇ ಮೇಲಿಂದ ಮೇಲೆ ಸಗಣಿ ಬಿದ್ದರೆ ಹುಳಿ ಹೆಚ್ಚಿ ಎರಡನೆಯವು ಸಾಯುತ್ತವೆ. ಉರಿ ಸರಿಯಾಗಿ ಹತ್ತುವವರೆಗೆ ಹೊಸ ಸಗಣಿ ಬೇಡ.

ಬೇಸಿಗೆಯಲ್ಲಿ ಎರಡರಿಂದ ಮೂರು ವಾರ, ಚಳಿಗಾಲದಲ್ಲಿ ಇನ್ನೂ ಹೆಚ್ಚು ಹಿಡಿಯುತ್ತದೆ. ಒಳಗಿನ ಬಗ್ಗಡ 35 ಡಿಗ್ರಿ ಸುತ್ತ ಇದ್ದಾಗ ಕೆಲಸ ಜೋರು, 20ಕ್ಕಿಂತ ಕೆಳಗಿಳಿದರೆ ಮಂದ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಫೆಬ್ರವರಿಯಿಂದ ಏಪ್ರಿಲಿನೊಳಗೆ ತುಂಬಿ.

ಕೆಲವು ದಿನಗಳಲ್ಲಿ ಔಟ್‌ಲೆಟ್ ತೊಟ್ಟಿಯಲ್ಲಿ ಬಗ್ಗಡ ಮೇಲೇರುತ್ತದೆ. ಒಳಗೆ ಗ್ಯಾಸ್ ಹುಟ್ಟಿದೆ ಎಂದರ್ಥ. ಸಂಭ್ರಮದಿಂದ ಕಡ್ಡಿ ಗೀರಬೇಡಿ. ಈ ಮೊದಲ ಗ್ಯಾಸಿನಲ್ಲಿ ಹೆಚ್ಚಿನದು ಇಂಗಾಲದ ಡೈಆಕ್ಸೈಡ್, ಜೊತೆಗೆ ಗುಮ್ಮಟದಲ್ಲಿ ಮೊದಲೇ ಇದ್ದ ಗಾಳಿ. ಮೀಥೇನ್ ಗಾಳಿಯೊಡನೆ ನೂರಕ್ಕೆ 5ರಿಂದ 15 ಪಾಲು ಬೆರೆತಾಗ ಸಿಡಿಯುತ್ತದೆ. ಒಲೆಯ ಕೊಳವೆ ಕಳಚಿ, ಸುತ್ತ ಎಲ್ಲಿಯೂ ಬೆಂಕಿ, ಬೀಡಿ ಇಲ್ಲವೆಂದು ನೋಡಿಕೊಂಡು, ಪೈಪಿನ ಬಾಯಿ ಅಡುಗೆಮನೆಯ ಹೊರಗಿರುವಂತೆ ಮಾಡಿ ಗ್ಯಾಸ್ ಪೂರ್ತಿ ಬಿಟ್ಟುಬಿಡಿ. ಮತ್ತೆ ತುಂಬಲಿ, ಮತ್ತೆ ಬಿಡಿ. ಆಮೇಲೆ ಒಲೆಗೆ ಜೋಡಿಸಿ ಪರೀಕ್ಷಿಸಿ. ಹತ್ತದಿದ್ದರೆ ಇನ್ನೂ ಒಂದೆರಡು ಸಲ ಬಿಡಬೇಕಾದೀತು. ಮೂರನೆಯ ಸಲಕ್ಕೆ ತಾಳ್ಮೆ ಕೆಟ್ಟು ಗುಂಡಿಗೆ ಬೆಲ್ಲ, ಯೂರಿಯ, ಮಜ್ಜಿಗೆ ಸುರಿದವರನ್ನು ಕಂಡಿದ್ದೇನೆ. ದಯವಿಟ್ಟು ಕಾಯಿರಿ.

ಎಚ್ಚರಿಕೆ: ಗುಮ್ಮಟದ ನೆತ್ತಿಯ ಪೈಪಿನ ಬಾಯಿಗೆ ನೇರವಾಗಿ ಕಡ್ಡಿ ಹಿಡಿದು ‘ಗ್ಯಾಸ್ ಇದೆಯಾ’ ಎಂದು ನೋಡಲೇಬಾರದು. ಉರಿ ಹಿಂದಕ್ಕೆ ಒಳಹೊಕ್ಕರೆ ಗುಮ್ಮಟವೇ ಉಳಿಯದು.

ಹಂತ 6: ಒಲೆ

ಸಿಲಿಂಡರಿನ ಒಲೆಗೆ ಈ ಪೈಪ್ ಜೋಡಿಸಿ ‘ಉರಿ ಸಾಲದು’ ಎನ್ನುವವರು ಬಹಳ. ಸಿಲಿಂಡರ್ ಗ್ಯಾಸ್ ಕಡಿಮೆ ಪ್ರಮಾಣದಲ್ಲೇ ಹೆಚ್ಚು ಶಾಖ ಕೊಡುತ್ತದೆ, ಆದ್ದರಿಂದ ಅದರ ಜೆಟ್ಟಿನ, ಅಂದರೆ ಗ್ಯಾಸ್ ಬರ್ನರಿಗೆ ಚಿಮ್ಮುವ ಮೊನೆಯ, ತೂತು ಸೂಜಿಮೊನೆಯಷ್ಟು. ಗೋಬರ್ ಗ್ಯಾಸಿಗೆ ದೊಡ್ಡ ತೂತು, ಕಡಿಮೆ ಗಾಳಿ ಬೇಕು. ಅದಕ್ಕೆಂದೇ ಮಾಡಿದ, ಭಾರತೀಯ ಮಾನಕ ಐಎಸ್ 8749ರ ಗುರುತಿರುವ ಒಲೆಯನ್ನು ಕೊಳ್ಳಿ. ಒಂದೇ ಒಲೆಗೆ ಎರಡೂ ಗ್ಯಾಸಿನ ಕೊಳವೆ ಜೋಡಿಸುವ ಜಾಣತನ ಬೇಡ. ಸಿಲಿಂಡರ್ ಇದ್ದರೆ ಅದರ ಒಲೆ ಬೇರೆಯೇ ಇರಲಿ. ಮಳೆ-ಚಳಿಯ ತಿಂಗಳುಗಳಿಗೆ ಸಿಲಿಂಡರ್ ಮನೆಯಲ್ಲಿ ಇರುವುದೂ ಒಳ್ಳೆಯದೇ.

ಹೊತ್ತಿಸುವಾಗ ಮೊದಲು ಕಡ್ಡಿ, ಆಮೇಲೆ ನಾಬ್. ಉರಿ ನೀಲಿಯಾಗಿ, ಬರ್ನರಿಗೆ ಅಂಟಿಕೊಂಡು, ಸಣ್ಣ ಸದ್ದಿನೊಂದಿಗೆ ನಿಲ್ಲುವವರೆಗೆ ಗಾಳಿಯ ತಗಡನ್ನು (ಬರ್ನರಿಗೆ ಗಾಳಿ ಹೋಗುವ ಕಿಂಡಿಯನ್ನು ಹಿರಿಕಿರಿದು ಮಾಡುವ ತಗಡು) ಹೊಂದಿಸಿ. ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಗಾಳಿ ಸಾಲದು. ಬರ್ನರಿನಿಂದ ಮೇಲೆದ್ದು ಹಾರಿಹೋದರೆ ಗಾಳಿ ಹೆಚ್ಚು, ಇಲ್ಲವೇ ಗುಂಡಿಯಲ್ಲಿ ಒತ್ತಡ ಹೆಚ್ಚು. ವಾಲ್ವ್ ಸ್ವಲ್ಪ ಮುಚ್ಚಿ. ಬೆಳಗಿನ ಒತ್ತಡಕ್ಕೂ ರಾತ್ರಿಯ ಒತ್ತಡಕ್ಕೂ ವ್ಯತ್ಯಾಸವಿರುವುದರಿಂದ ಈ ಹೊಂದಾಣಿಕೆ ದಿನವೂ ಸ್ವಲ್ಪ ಸ್ವಲ್ಪ ಮಾಡಬೇಕಾಗುತ್ತದೆ. ಒಲೆಯ ಮುಂದೆ ನಿಲ್ಲುವವರು ಯಾರೋ ಅವರಿಗೇ ಇದನ್ನು ಕಲಿಸಬೇಕು. ಗುಂಡಿಯ ತರಬೇತಿಗೆ ಗಂಡಸರು ಹೋಗಿ, ಒಲೆ ಹೆಂಗಸರ ಪಾಲಿಗೆ ಬಂದ ಮನೆಗಳಲ್ಲಿ ಗಾಳಿಯ ತಗಡು ಇದೆಯೆಂಬುದೇ ಗೊತ್ತಿಲ್ಲದೆ ವರ್ಷಗಳು ಕಳೆದಿವೆ.

ಹಂತ 7: ದಿನದ ಊಟ

ಉರಿ ಸ್ಥಿರವಾದ ಮೇಲೆ ದಿನವೂ ಹಾಕಲು ಆರಂಭಿಸಿ. ಮೊದಲ ವಾರ ಅರ್ಧ ಅಳತೆ, ಆಮೇಲೆ ಪೂರ್ತಿ. ಹೊತ್ತು ಒಂದೇ ಇರಲಿ. ಚಳಿಗಾಲದಲ್ಲಿ ಕಲಸಿದ ಬಗ್ಗಡವನ್ನು ತೊಟ್ಟಿಯಲ್ಲೇ ಬಿಸಿಲಿಗೆ ಬಿಟ್ಟು ಮಧ್ಯಾಹ್ನ ಒಳಗೆ ಬಿಡಿ. ಗುಮ್ಮಟದ ಮೇಲಿನ ಮಣ್ಣಿಗೆ ಒಣಹುಲ್ಲು ಹೊದಿಸಿ. ಮಳೆಗಾಲದಲ್ಲಿ ಹಸಿ ಹುಲ್ಲು ಮೇದ ದನದ ಸಗಣಿಯೇ ನೀರುನೀರಾಗಿರುತ್ತದೆ, ಆಗ ‘ಒಂದಕ್ಕೊಂದು’ ಎಂಬ ಲೆಕ್ಕ ಬಿಟ್ಟು ದೋಸೆಹಿಟ್ಟಿನ ಹದ ನೋಡಿ ನೀರು ಕಡಿಮೆ ಮಾಡಿ. ಆಷಾಢದಲ್ಲಿ ನಿಂತುಹೋಗುವ ಗುಂಡಿಗಳ ಗುಟ್ಟು ಅರ್ಧ ಇಲ್ಲಿದೆ, ಇನ್ನರ್ಧ ಔಟ್‌ಲೆಟಿಗೆ ಬೀಳುವ ಮಳೆನೀರಿನಲ್ಲಿದೆ. ತೊಟ್ಟಿಗೆ ಚಪ್ಪಡಿ ಮುಚ್ಚಿ, ಸುತ್ತ ಸಣ್ಣ ಏರಿ ಕಟ್ಟಿ. ಮಕ್ಕಳು, ಕರುಗಳು ಬೀಳದಂತೆಯೂ ಆ ಚಪ್ಪಡಿ ಕಾಯುತ್ತದೆ.

ದಿನಕ್ಕೊಮ್ಮೆ ಬಿದಿರಿನ ಗಳವನ್ನು ಒಳಹರಿವಿನ ಪೈಪಿನಲ್ಲಿ ಇಳಿಸಿ ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ. ಮೇಲೆ ಕಟ್ಟುವ ಪೊರೆ ಒಡೆಯುತ್ತದೆ. ವಾರಕ್ಕೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ, ಪೈಪಿನ ನೀರು ಬಿಡಿ.

ಹಾಕಬಾರದ್ದು: ಫಿನಾಯಿಲ್, ಸೋಪಿನ ನೀರು, ಆ್ಯಂಟಿಬಯೋಟಿಕ್ ಕೊಡುತ್ತಿರುವ ದನದ ಸಗಣಿ, ಉದ್ದ ಹುಲ್ಲು, ದರಗು (ಒಣಗಿದ ಎಲೆ), ಮಣ್ಣು. ಅಡುಗೆಮನೆಯ ಕಸ ಸಣ್ಣಗೆ ಹೆಚ್ಚಿದ್ದಾದರೆ ಒಂದೆರಡು ಕಿಲೋ ಆದೀತು. ಹಪ್ಪಳ ಮಾಡಿದ ದಿನದ ಹಲಸಿನ ರಾಶಿ, ಮದುವೆಮನೆಯಲ್ಲಿ ಉಳಿದ ಅನ್ನ-ಪಾಯಸ ಬೇಡ.

ಹಂತ 8: ಗ್ಯಾಸ್ ನಿಂತರೆ ಕೋಲು ಹಿಡಿದು ನೋಡಿ

ಈ ಗುಂಡಿಗೆ ಮೀಟರ್ ಇಲ್ಲ ಎನ್ನುತ್ತಾರೆ. ಇದೆ: ಔಟ್‌ಲೆಟ್ ತೊಟ್ಟಿ. ಗುಮ್ಮಟದಲ್ಲಿ ಗ್ಯಾಸ್ ತುಂಬಿದಂತೆ ಅದು ಬಗ್ಗಡವನ್ನು ತಳ್ಳಿ ತೊಟ್ಟಿಗೆ ಏರಿಸುತ್ತದೆ. ಅಡುಗೆಗೆ ಗ್ಯಾಸ್ ಖರ್ಚಾದಂತೆ ಬಗ್ಗಡ ಹಿಂದಕ್ಕಿಳಿಯುತ್ತದೆ. ರಾತ್ರಿ ಅಡುಗೆ ಮುಗಿದ ಮೇಲೆ, ಮತ್ತೆ ಬೆಳಿಗ್ಗೆ ಒಲೆ ಹತ್ತಿಸುವ ಮೊದಲು ಗೆರೆ ಎಳೆದ ಕೋಲು ಇಳಿಸಿ ಮಟ್ಟ ಬರೆದಿಡಿ. ಮೂರು ದಿನದ ಲೆಕ್ಕ ಸಾಕು, ರೋಗ ಎಲ್ಲಿದೆ ಎಂದು ಅದೇ ಹೇಳುತ್ತದೆ.

ಬೆಳಿಗ್ಗೆ ಮಟ್ಟ ಏರಿದೆ, ಆದರೆ ಒಲೆಗೆ ಗ್ಯಾಸ್ ಬರುತ್ತಿಲ್ಲ. ಗುಂಡಿ ಆರೋಗ್ಯವಾಗಿದೆ, ದಾರಿ ಕಟ್ಟಿದೆ. ನೀರಿನ ಟ್ಯಾಪ್ ತೆರೆಯಿರಿ, ವಾಲ್ವ್ ನೋಡಿ, ಜೆಟ್ಟಿನ ತೂತಿಗೆ ಸೂಜಿ ಹಾಕಿ. ಪೈಪ್ ಜೋತುಬಿದ್ದ ಕಡೆ ಎತ್ತಿ ಕಟ್ಟಿ.

ಮಟ್ಟ ಏರುತ್ತದೆ, ಅಡುಗೆ ಮಾಡದಿದ್ದರೂ ಇಳಿಯುತ್ತದೆ. ಸೋರಿಕೆ. ಒಂದು ರಾತ್ರಿ ನೆತ್ತಿಯ ವಾಲ್ವ್ ಮುಚ್ಚಿಡಿ. ಆಗಲೂ ಇಳಿದರೆ ಗುಮ್ಮಟದಲ್ಲಿ ಅಥವಾ ಆ ವಾಲ್ವಿನ ಬುಡದಲ್ಲಿ ಸೋರಿಕೆ, ಇಳಿಯದಿದ್ದರೆ ಪೈಪಿನಲ್ಲಿ. ಪ್ರತಿ ಜೋಡಣೆಗೂ ಸೋಪಿನ ನೀರು ಬಳಿದು ಗುಳ್ಳೆ ಹುಡುಕಿ. ಬೆಂಕಿಕಡ್ಡಿ ಹಿಡಿದು ಸೋರಿಕೆ ಹುಡುಕುವುದು ಇವತ್ತಿಗೂ ನಡೆಯುತ್ತಿದೆ, ಅದಕ್ಕಿಂತ ದೊಡ್ಡ ಮೂರ್ಖತನ ಇನ್ನೊಂದಿಲ್ಲ. ಮುಚ್ಚಿದ ಅಡುಗೆಮನೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೊದಲು ಕಿಟಕಿ-ಬಾಗಿಲು ತೆರೆಯಿರಿ, ನೆತ್ತಿಯ ವಾಲ್ವ್ ಮುಚ್ಚಿ, ಲೈಟಿನ ಸ್ವಿಚ್ಚನ್ನು ಮುಟ್ಟಬೇಡಿ.

ಮಟ್ಟ ಏರುವುದೇ ಇಲ್ಲ. ನೆತ್ತಿಯ ವಾಲ್ವ್ ಮುಚ್ಚಿಟ್ಟು ಎರಡು ದಿನ ನೋಡಿ. ಆಗಲೂ ಏರದಿದ್ದರೆ, ಗುಮ್ಮಟ ಸೋರುತ್ತಿಲ್ಲವಾದರೆ, ಗ್ಯಾಸ್ ಹುಟ್ಟುತ್ತಿಲ್ಲ. ಹಾಕುತ್ತಿರುವ ಸಗಣಿಯನ್ನು ಮತ್ತೆ ತೂಗಿ, ಹದ ನೋಡಿ, ಚಳಿ ಇದೆಯೇ, ಕೊಟ್ಟಿಗೆಗೆ ಫಿನಾಯಿಲ್ ಹಾಕಿದ್ದರೇ ಎಂದು ಕೇಳಿಕೊಳ್ಳಿ. ಆಮೇಲೆ ಮುಂದಿನ ಹಂತ.

ಗ್ಯಾಸ್ ಬರುತ್ತದೆ, ಉರಿಯುವುದಿಲ್ಲ. ಹೊಸ ಗುಂಡಿಯಾದರೆ ಹಂತ 5 ಇನ್ನೂ ಮುಗಿದಿಲ್ಲ. ಹಳೆಯದಾದರೆ ಹುಳಿ ಹಿಡಿದಿದೆ.

ನಾಲ್ಕು ದಿನ ಊರಿಗೆ ಹೋಗಿ ಬಂದಾಗ ತೊಟ್ಟಿಯಲ್ಲಿ ಗುಳುಗುಳು ಗುಳ್ಳೆ ಏಳುತ್ತಿದ್ದರೆ ಹೆದರಬೇಡಿ. ಬಳಕೆಯಾಗದೆ ಹೆಚ್ಚಾದ ಗ್ಯಾಸ್ ಹಾಗೆ ಹೊರಹೋಗುತ್ತದೆ.

ಹಂತ 9: ಹುಳಿ ಹಿಡಿದ ಗುಂಡಿ

ಔಟ್‌ಲೆಟಿನ ಬಗ್ಗಡಕ್ಕೆ ಹಸಿ ಸಗಣಿಯ ವಾಸನೆಯೂ ಇರಬಾರದು, ಹುಳಿ ನಾತವೂ ಇರಬಾರದು. ಪಿಎಚ್ ಕಾಗದ ಅದ್ದಿ. 6.8ರಿಂದ 7.5ರ ನಡುವೆ ಇದ್ದರೆ ಸರಿ. 6.5ಕ್ಕಿಂತ ಕೆಳಗಿದ್ದರೆ ಅಜೀರ್ಣ. ಮದ್ದು ಮನುಷ್ಯರಿಗೆ ಹೇಳುವುದೇ: ಲಂಘನ. ಒಂದೆರಡು ವಾರ ಏನೂ ಹಾಕಬೇಡಿ. ಉರಿಯದ ಗ್ಯಾಸನ್ನು ಹಂತ 5ರಂತೆ ಹೊರಗೆ ಬಿಡುತ್ತಿರಿ. ಪಕ್ಕದ ಮನೆಯ ಒಳ್ಳೆಯ ಗುಂಡಿಯ ಬಗ್ಗಡವನ್ನು ಕೆಲವು ಬಕೆಟ್ ಸೇರಿಸಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ತಿಳಿ ಸುಣ್ಣದ ನೀರನ್ನು ಸ್ವಲ್ಪ ಸ್ವಲ್ಪ ಹಾಕಿ, ಗಳದಿಂದ ಕಲಕಿ, ಮರುದಿನ ಕಾಗದ ಅದ್ದಿ ನೋಡಿ. 7ಕ್ಕೆ ಬಂದೊಡನೆ ನಿಲ್ಲಿಸಿ. ಚೀಲಗಟ್ಟಲೆ ಸುಣ್ಣ ಸುರಿದರೆ ಹುಳಿಯೂ ಹೋಗುತ್ತದೆ, ಜೀವವೂ ಹೋಗುತ್ತದೆ.

ಹಂತ 10: ವರ್ಷಗಟ್ಟಲೆ ನಿಂತುಹೋದ ಗುಂಡಿಯನ್ನು ಎಬ್ಬಿಸುವುದು

ದನ ಮಾರಿದ ಮೇಲೆ ಹಾಳುಬಿದ್ದ ಗುಂಡಿಯನ್ನು ಮತ್ತೆ ಶುರು ಮಾಡುವವರು ಮೊದಲ ದಿನವೇ ಒಳಗಿಳಿದು ಸ್ವಚ್ಛ ಮಾಡಲು ಹೋಗುತ್ತಾರೆ. ಇಳಿಯಬೇಡಿ. ಖಾಲಿ ಕಾಣುವ ಗುಂಡಿಯಲ್ಲಿಯೂ ಉಸಿರಾಡಲು ಆಮ್ಲಜನಕ ಇಲ್ಲದಿರಬಹುದು, ಹೈಡ್ರೋಜನ್ ಸಲ್ಫೈಡ್ ಇರಬಹುದು. ಅದು ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಬಿದ್ದವರನ್ನು ಎತ್ತಲು ಇಳಿದವರೂ ಮೇಲೆ ಬರುವುದಿಲ್ಲ. ಗಟ್ಟಿಯಾದ ಬಗ್ಗಡಕ್ಕೆ ನೀರು ಬಿಟ್ಟು ಒಂದು ವಾರ ನೆನೆಸಿ, ಗಳದಿಂದ ಕಲಕಿ, ಹೊರಗೇ ನಿಂತು ಬಕೆಟಿನಿಂದ ಎತ್ತಿ, ಇಲ್ಲವೇ ಶೌಚಗುಂಡಿ ಖಾಲಿ ಮಾಡುವ ಹೀರುವ ಟ್ಯಾಂಕರ್ ಕರೆಸಿ. ಐದಾರು ವರ್ಷಕ್ಕೊಮ್ಮೆ ತಳದ ಮರಳು ತೆಗೆಯುವಾಗಲೂ ಇದೇ ದಾರಿ. ತೆಗೆದ ಬಗ್ಗಡವನ್ನು ದರಗಿನ ಜೊತೆ ಪದರ ಪದರವಾಗಿ ಗೊಬ್ಬರ ಗುಂಡಿಗೆ ಹಾಕಿ, ಅಡಿಕೆ ಬುಡಕ್ಕೆ ಅದು ಒಳ್ಳೆಯದು.

ಆಮೇಲೆ ಮೊದಲು ಪೈಪ್, ವಾಲ್ವ್, ಒಲೆ ಬದಲಿಸಿ. ಹಳೆಯ ರಬ್ಬರ್ ಕೊಳವೆ ಎಸೆಯಿರಿ. ಹಂತ 2ರ ನೀರಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಗುಮ್ಮಟ ಬಿಗಿಯಾಗಿದ್ದರೆ ನೀರು ತೆಗೆದು, ಒಂದು ವಾರ ಸಗಣಿ ತೂಗಿ, ಪಕ್ಕದ ಮನೆಯಿಂದ ಹೆಪ್ಪು ಕೇಳಿ ತಂದು, ಹಂತ 4ರಿಂದ ಆರಂಭಿಸಿ. ಮೊದಲ ಗ್ಯಾಸನ್ನು ಹೊರಗೆ ಬಿಡುವ ಕೆಲಸ ಎರಡನೆಯ ಸಲವೂ ತಪ್ಪಿದ್ದಲ್ಲ.